ಕ್ಲಚ್ ಒತ್ತಿದರೆ ಸದ್ದೋ, ಬಿಟ್ಟರೆ ಸದ್ದೋ?

ಗ್ಯಾರೇಜಿಗೆ ಹೋಗಿ ‘ಕ್ಲಚ್ ಹತ್ತಿರ ಏನೋ ಸದ್ದು’ ಎಂದರೆ ಸಾಕು, ‘ಗೇರ್‌ಬಾಕ್ಸ್ ಇಳಿಸಿ ನೋಡಬೇಕು ಸಾರ್’ ಎಂಬ ಉತ್ತರ ಬರುತ್ತದೆ. ಇಳಿಸಬೇಕಾದೀತು, ಅದರಲ್ಲಿ ತಪ್ಪೇನಿಲ್ಲ. ಆದರೆ ಕೆಳಗಿಳಿದ ಗೇರ್‌ಬಾಕ್ಸ್ ಸದ್ದು ಮಾಡುವುದಿಲ್ಲ. ಕೇಳಬೇಕಾದ್ದನ್ನೆಲ್ಲ ಅದು ಕಾರಿನಲ್ಲಿ ಇರುವಾಗಲೇ ಕೇಳಿಕೊಳ್ಳಬೇಕು. ಇಲ್ಲವಾದರೆ ಪೂರ್ತಿ ಕ್ಲಚ್ ಸೆಟ್ ಹೊಸದು ಹಾಕಿಸಿ, ಬಿಲ್ ಕಟ್ಟಿ, ಸ್ಟಾರ್ಟ್ ಮಾಡಿದರೆ ಮತ್ತದೇ ಗೊರಗೊರ. ಕೆಟ್ಟಿದ್ದು ಗೇರ್‌ಬಾಕ್ಸ್ ಒಳಗಿನ ಬೇರಿಂಗ್, ಬದಲಾದದ್ದು ಹೊರಗಿನದು.

ಕಿವಿ ಎಷ್ಟೇ ಚುರುಕಾಗಿದ್ದರೂ ಇಲ್ಲಿ ಅದೊಂದನ್ನೇ ನಂಬುವಂತಿಲ್ಲ. ಇಂಜಿನ್, ಕ್ಲಚ್ಚನ್ನು ಮುಚ್ಚಿರುವ ಹೌಸಿಂಗ್, ಗೇರ್‌ಬಾಕ್ಸ್ ಮೂರೂ ಒಂದಕ್ಕೊಂದು ಬೋಲ್ಟ್ ಆದ ಲೋಹದ ಗಟ್ಟಿ. ಒಂದು ಕಡೆ ಹುಟ್ಟಿದ ಸದ್ದು ಎಲ್ಲ ಕಡೆಯೂ ಕೇಳುತ್ತದೆ. ದಾರಿ ತೋರಿಸುವುದು ಪೆಡಲ್: ಬಿಟ್ಟಾಗ ಕ್ಲಚ್ ಇಂಜಿನ್ನನ್ನೂ ಗೇರ್‌ಬಾಕ್ಸನ್ನೂ ಜೋಡಿಸುತ್ತದೆ, ಒತ್ತಿದಾಗ ಬೇರ್ಪಡಿಸುತ್ತದೆ. ಪೆಡಲ್ ಎಲ್ಲಿದ್ದಾಗ ಯಾವ ಶಾಫ್ಟ್ ತಿರುಗುತ್ತಿದೆ, ಯಾವುದು ನಿಂತಿದೆ ಎಂಬುದು ತಲೆಯಲ್ಲಿ ಕೂತರೆ ಮಿಕ್ಕಿದ್ದು ಸುಲಭ.

ಮೂರು ಬೇರಿಂಗುಗಳು

ಮೊದಲನೆಯದು ರಿಲೀಸ್ ಬೇರಿಂಗ್. ‘ಕ್ಲಚ್ ಬೇರಿಂಗ್’ ಎಂದು ಅಂಗಡಿಯಲ್ಲಿ ಕೇಳಿದರೆ ಕೊಡುವುದು ಇದನ್ನೇ. ಗೇರ್‌ಬಾಕ್ಸಿನ ಮೂತಿಯಲ್ಲಿರುವ ಉಕ್ಕಿನ ಸ್ಲೀವ್ ಮೇಲೆ ಹಿಂದೆ ಮುಂದೆ ಜಾರುತ್ತದೆ. ಪೆಡಲ್ ಒತ್ತಿದಾಗ ಫೋರ್ಕ್ ಎಂಬ ಸನ್ನೆ ಇದನ್ನು ಮುಂದಕ್ಕೆ ದೂಡುತ್ತದೆ, ಇದು ಹೋಗಿ, ಕ್ಲಚ್ ಪ್ಲೇಟನ್ನು ಫ್ಲೈವೀಲಿಗೆ (ಇಂಜಿನ್ನಿನ ಭಾರೀ ಚಕ್ರಕ್ಕೆ) ಒತ್ತಿ ಹಿಡಿಯುವ ಪ್ರೆಷರ್ ಪ್ಲೇಟಿನ ಡಯಾಫ್ರಮ್ ಬೆರಳುಗಳನ್ನು, ಅಂದರೆ ಸ್ಪ್ರಿಂಗಿನ ಎಲೆಗಳನ್ನು, ಒತ್ತುತ್ತದೆ. ಬೆರಳುಗಳು ಇಂಜಿನ್ ವೇಗದಲ್ಲಿ ತಿರುಗುತ್ತಿರುತ್ತವೆ, ಫೋರ್ಕ್ ನಿಂತೇ ಇರುತ್ತದೆ. ಇವೆರಡರ ನಡುವಿನ ಜಗಳ ಬಿಡಿಸುವುದು ಈ ಬೇರಿಂಗಿನ ಕೆಲಸ. ಸಣ್ಣ ಕಾರಿನಲ್ಲಿ ಕೂಡ ಪೂರ್ತಿ ಒತ್ತಿದಾಗ ಇದರ ಮೇಲೆ ಬೀಳುವ ಭಾರ ಸುಮಾರು ನೂರು ಕೆ.ಜಿ. ಆಸುಪಾಸು. ಹಳೆಯ ಅಂಬಾಸಡರ್‌ಗಳಲ್ಲಿ ಇಲ್ಲಿ ಗುಂಡುಗಳೇ ಇರಲಿಲ್ಲ, ಕಾರ್ಬನ್ ಬಳೆಯೊಂದು ಉಜ್ಜಿಕೊಂಡು ಕೆಲಸ ಮಾಡುತ್ತಿತ್ತು. ಸಿಗ್ನಲ್‌ನಲ್ಲಿ ಕ್ಲಚ್ ಒತ್ತಿ ಹಿಡಿಯಬಾರದು ಎಂದು ಹಳೆಯ ಡ್ರೈವರುಗಳು ಬೈಯುತ್ತಿದ್ದುದಕ್ಕೆ ಅದೂ ಒಂದು ಕಾರಣ.

ಎರಡನೆಯದು ಇನ್‌ಪುಟ್ ಶಾಫ್ಟ್ ಬೇರಿಂಗ್. ಗೇರ್‌ಬಾಕ್ಸಿನ ಒಳಗೆ, ಆಯಿಲ್‌ನಲ್ಲಿ ನೆನೆದಿರುತ್ತದೆ. ಕ್ಲಚ್ ಪ್ಲೇಟ್ ಕೂತಿರುವ ಶಾಫ್ಟನ್ನು ಹಿಡಿದಿರುವುದು ಇದು. ಇದು ಕೆಟ್ಟರೆ ಗೇರ್‌ಬಾಕ್ಸನ್ನು ಇಳಿಸಿದರೆ ಮುಗಿಯಲಿಲ್ಲ, ಬಿಚ್ಚಬೇಕು. ಖರ್ಚಿನ ಲೆಕ್ಕವೇ ಬೇರೆ.

ಮೂರನೆಯದು ಪೈಲಟ್ ಬೇರಿಂಗ್. ಇನ್‌ಪುಟ್ ಶಾಫ್ಟಿನ ತುದಿಯನ್ನು ಫ್ಲೈವೀಲ್ ಅಥವಾ ಇಂಜಿನ್ನಿನ ಮುಖ್ಯ ಶಾಫ್ಟಾದ ಕ್ರ್ಯಾಂಕ್ ಶಾಫ್ಟಿನ ನಡುಮಧ್ಯದಲ್ಲಿ ಹಿಡಿಯುವ ಪುಟ್ಟ ಬೇರಿಂಗು, ಕೆಲವು ಗಾಡಿಗಳಲ್ಲಿ ಬರೀ ಹಿತ್ತಾಳೆ ಬಣ್ಣದ ಬುಷ್. ಇಂಜಿನ್ ಉದ್ದಕ್ಕೆ ಕೂತು ಹಿಂದಿನ ಚಕ್ರ ತಿರುಗಿಸುವ ಬೊಲೆರೊ, ಸುಮೋ, ಓಮ್ನಿ ಥರದವುಗಳಲ್ಲಿ ಇದು ಇರುತ್ತದೆ. ಇಂಜಿನ್ ಅಡ್ಡ ಕೂತು ಮುಂದಿನ ಚಕ್ರ ತಿರುಗಿಸುವ ಆಲ್ಟೊ, ವ್ಯಾಗನ್ ಆರ್ ಥರದ ಕಾರುಗಳಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಅಂಥ ಕಾರಿಗೆ ಯಾರಾದರೂ ‘ಪೈಲಟ್ ಹೋಗಿದೆ’ ಎಂದರೆ ಎಲ್ಲಿದೆ ತೋರಿಸಪ್ಪ ಎಂದು ಕೇಳಿ.

ಬೇರಿಂಗ್ ಸದ್ದು ಮಾಡಬೇಕಾದರೆ ಅದರ ಒಳ ರೇಸು ಮತ್ತು ಹೊರ ರೇಸು (ಗುಂಡುಗಳ ಒಳಗೂ ಹೊರಗೂ ಇರುವ ಬಳೆಗಳು) ಬೇರೆ ಬೇರೆ ವೇಗದಲ್ಲಿ ಇರಬೇಕು. ಎರಡೂ ಜೊತೆಯಾಗಿ ತಿರುಗಿದರೆ, ಅಥವಾ ಎರಡೂ ನಿಂತರೆ, ಎಷ್ಟೇ ಸವೆದಿದ್ದರೂ ಅದು ಮೂಕ. ಈಗ ಲೆಕ್ಕ ಹಾಕಿ. ನ್ಯೂಟ್ರಲ್‌ನಲ್ಲಿ ಇಂಜಿನ್ ಓಡುತ್ತಿದೆ, ಪೆಡಲ್ ಮೇಲೆ ಕಾಲಿಲ್ಲ: ಇನ್‌ಪುಟ್ ಶಾಫ್ಟ್ ಇಂಜಿನ್ ಜೊತೆ ತಿರುಗುತ್ತಿದೆ, ಆದ್ದರಿಂದ ಇನ್‌ಪುಟ್ ಬೇರಿಂಗ್ ಕೆಲಸದಲ್ಲಿದೆ. ಪೈಲಟ್‌ನ ಎರಡೂ ರೇಸು ಒಂದೇ ವೇಗದಲ್ಲಿವೆ, ಅದು ಸುಮ್ಮನಿದೆ. ಪೆಡಲ್ ಪೂರ್ತಿ ಒತ್ತಿದಿರಿ: ಇನ್‌ಪುಟ್ ಶಾಫ್ಟ್ ಒಂದೆರಡು ಸೆಕೆಂಡಿನಲ್ಲಿ ನಿಲ್ಲುತ್ತದೆ, ಅದರ ಬೇರಿಂಗೂ ನಿಂತಿತು. ರಿಲೀಸ್ ಬೇರಿಂಗ್ ಪೂರ್ತಿ ಭಾರ ಹೊತ್ತು ತಿರುಗುತ್ತಿದೆ. ಪೈಲಟ್‌ನ ಹೊರ ರೇಸು ಇಂಜಿನ್ ಜೊತೆ ಸುತ್ತುತ್ತಿದೆ, ಒಳಗಿನದು ನಿಂತಿದೆ, ಅದಕ್ಕೂ ಈಗ ಬಾಯಿ ಬಂತು.

ಪರೀಕ್ಷೆಗೆ ಮುನ್ನ

ಸದ್ದುಗದ್ದಲವಿಲ್ಲದ, ಸಮತಟ್ಟಾದ ಜಾಗ ಬೇಕು. ಬೇಸ್‌ಮೆಂಟ್ ಬೇಡ, ಗೋಡೆಗೆ ಬಡಿದು ವಾಪಸು ಬರುವ ಸದ್ದು ಹಾದಿ ತಪ್ಪಿಸುತ್ತದೆ. ಹ್ಯಾಂಡ್‌ಬ್ರೇಕ್ ಗಟ್ಟಿಯಾಗಿ ಎಳೆದು ಚಕ್ರಕ್ಕೆ ಮುಂದೆ ಹಿಂದೆ ಕಲ್ಲು ಕೊಡಿ. ಎಸಿ ಮತ್ತು ಫ್ಯಾನ್ ಆಫ್, ಕಿಟಕಿ ಇಳಿಸಿ, ಬಾನೆಟ್ ಎತ್ತಿ. ಒಬ್ಬರು ಸೀಟಿನಲ್ಲಿ, ಒಬ್ಬರು ಬಾನೆಟ್ ಹತ್ತಿರ. ಕಾರಿನ ಮುಂದೆ ಯಾರೂ ನಿಲ್ಲಬಾರದು, ಪಕ್ಕದಲ್ಲಿ ನಿಲ್ಲಲಿ.

ಇಂಜಿನ್ ತಣ್ಣಗಿರುವಾಗ ಒಮ್ಮೆ, ಅರ್ಧ ಗಂಟೆ ಓಡಿಸಿ ಬಿಸಿಯಾದ ಮೇಲೆ ಇನ್ನೊಮ್ಮೆ ನೋಡುವುದು ಒಳ್ಳೆಯದು. ಗ್ರೀಸ್ ಒಣಗಿದ ಬೇರಿಂಗು ಬೆಳಿಗ್ಗೆ ಕಿರುಚಿ ಆಮೇಲೆ ಸುಮ್ಮನಾಗುತ್ತದೆ. ಗೇರ್ ಆಯಿಲ್ ತೆಳುವಾಗಿ ಬರುವ ಖಟಖಟ ಬಿಸಿಯಾದ ಮೇಲೆಯೇ ಜೋರು.

ಫೋನಿನಲ್ಲಿ ರೆಕಾರ್ಡ್ ಮಾಡುವುದಿದ್ದರೆ ‘ಈಗ ಬಿಟ್ಟಿದ್ದೀನಿ, ಈಗ ಸ್ವಲ್ಪ ಒತ್ತಿದೆ, ಈಗ ಪೂರ್ತಿ’ ಎಂದು ಬಾಯಲ್ಲಿ ಹೇಳುತ್ತ ಮಾಡಿ. ಮೆಕ್ಯಾನಿಕ್‌ಗೆ ವಾಟ್ಸಾಪಿನಲ್ಲಿ ಕಳಿಸುವ ಬರೀ ಗುರ್ರ್ ಸದ್ದಿನಿಂದ ಮೂರು ಕಾಸಿನ ಪ್ರಯೋಜನವಿಲ್ಲ.

ಕ್ಲಚ್ ಸರಿಯಾಗಿ ಬಿಡುತ್ತಿದೆಯೇ, ಅಂದರೆ ಒತ್ತಿದಾಗ ಇಂಜಿನ್ನಿನಿಂದ ಗೇರ್‌ಬಾಕ್ಸನ್ನು ಪೂರ್ತಿ ಬೇರ್ಪಡಿಸುತ್ತಿದೆಯೇ ಎಂದೂ ಮೊದಲೇ ಖಚಿತಪಡಿಸಿಕೊಳ್ಳಿ. ಪೆಡಲ್ ಪೂರ್ತಿ ಒತ್ತಿ, ಮೂರ್ನಾಲ್ಕು ಸೆಕೆಂಡು ಕಾದು, ರಿವರ್ಸ್ ಹಾಕಿ. ಕರ್ರ್ ಎಂದರೆ ಇನ್‌ಪುಟ್ ಶಾಫ್ಟ್ ಇನ್ನೂ ತಿರುಗುತ್ತಲೇ ಇದೆ. ಕೇಬಲ್ ಸಡಿಲವಿರಬಹುದು, ಹೈಡ್ರಾಲಿಕ್ ಲೈನಿನಲ್ಲಿ ಗಾಳಿ ಸೇರಿರಬಹುದು, ಪೈಲಟ್ ಇರುವ ಗಾಡಿಯಲ್ಲಿ ಅದೇ ಕಚ್ಚಿಕೊಂಡು ಶಾಫ್ಟನ್ನು ಎಳೆಯುತ್ತಿರಬಹುದು. ಶಾಫ್ಟ್ ನಿಲ್ಲದ ಗಾಡಿಯಲ್ಲಿ ಮುಂದಿನ ಪರೀಕ್ಷೆಗಳೆಲ್ಲ ಸುಳ್ಳು ಹೇಳುತ್ತವೆ.

ಪೆಡಲ್ ಹೇಳುವುದು

ಇಂಜಿನ್ ಆಫ್ ಇರುವಾಗಲೇ ಪೆಡಲನ್ನು ನಿಧಾನ ಒತ್ತಿ, ನಿಧಾನ ಬಿಡಿ. ಕೀಂಯ್, ಕಿರಕ್ ಎಂದರೆ ಅದು ಬೇರಿಂಗ್ ತಿರುಗುವ ಸದ್ದಲ್ಲವೇ ಅಲ್ಲ. ಏನೂ ತಿರುಗುತ್ತಿಲ್ಲವಲ್ಲ! ಪೆಡಲ್ ಬುಷ್, ಒಣಗಿದ ಕೇಬಲ್, ಫೋರ್ಕ್ ಕೂರುವ ಪಿವಟ್, ಇಲ್ಲವೇ ಬೇರಿಂಗ್ ಜಾರುವ ಸ್ಲೀವ್, ಈ ನಾಲ್ಕರಲ್ಲಿ ಒಂದು. ಒಳಗಿನವರು ಪೆಡಲ್ ಆಡಿಸುತ್ತಿರುವಾಗ ಹೊರಗಿನವರು ಫೋರ್ಕಿನ ತೋಳಿನ ಮೇಲೆ ಕೈಯಿಟ್ಟರೆ ಕಿರಕ್ ಎನ್ನುವಾಗ ಬೆರಳಿಗೇ ಗೊತ್ತಾಗುತ್ತದೆ. ಗೊತ್ತಾಗದಿದ್ದರೆ ಸದ್ದು ಪೆಡಲ್ ಹತ್ತಿರವೇ ಇದೆ, ಡ್ಯಾಶ್‌ಬೋರ್ಡ್ ಅಡಿಯಲ್ಲಿ ಬಗ್ಗಿ ಬುಷ್‌ಗೆ ಸ್ವಲ್ಪ ಗ್ರೀಸ್ ಹಚ್ಚಿದರೆ ಹೋಗುತ್ತದೆ. ಇಷ್ಟಕ್ಕೇ ಗೇರ್‌ಬಾಕ್ಸ್ ಇಳಿಸಿಕೊಂಡವರಿದ್ದಾರೆ.

ಈಗ ಸ್ಟಾರ್ಟ್ ಮಾಡಿ. ನ್ಯೂಟ್ರಲ್, ಕಾಲು ಪೆಡಲ್‌ನಿಂದ ಪೂರ್ತಿ ದೂರ. ಅರ್ಧ ನಿಮಿಷ ಕೇಳಿ. ಆಮೇಲೆ ಬೆರಳಿನಿಂದ ಒತ್ತಿದಷ್ಟು ಹಗುರವಾಗಿ, ಪೆಡಲ್ ಸಡಿಲ ಮುಗಿದು ಗಟ್ಟಿ ಸಿಗುವವರೆಗೆ ಮಾತ್ರ ಒತ್ತಿ ನಿಲ್ಲಿಸಿ. ಆಮೇಲೆ ಪೂರ್ತಿ. ಪೂರ್ತಿ ಒತ್ತಿ ಐದಾರು ಸೆಕೆಂಡಿಗಿಂತ ಹೆಚ್ಚು ಹಿಡಿಯುವ ಅಗತ್ಯವಿಲ್ಲ. ಈ ಮೂರನ್ನೂ ಆಕ್ಸಿಲರೇಟರ್ ಸ್ವಲ್ಪ ಕೊಟ್ಟು, 1500 ಆರ್‌ಪಿಎಂ ಸುಮಾರಿಗೆ, ಮತ್ತೊಮ್ಮೆ ಮಾಡಿ.

ಪೆಡಲ್ ಬಿಟ್ಟಾಗ ಸದ್ದಿಲ್ಲ, ಹಗುರವಾಗಿ ಮುಟ್ಟಿದ ಕೂಡಲೇ ಚಿರ್ರ್ ಎಂದು ಶುರುವಾಗಿ ಒತ್ತಿದಷ್ಟೂ ಜೋರಾಯಿತು ಎಂದರೆ ರಿಲೀಸ್ ಬೇರಿಂಗ್. ಇದರಲ್ಲಿ ಅನುಮಾನಕ್ಕೆ ಜಾಗ ಕಡಿಮೆ. ಶುರುವಿನಲ್ಲಿ ಶೀಟಿ ಹೊಡೆದಂತೆ ಸಣ್ಣಗೆ, ಗುಂಡುಗಳಿಗೆ ಗುಳಿ ಬಿದ್ದ ಮೇಲೆ ಮರಳು ಅರೆದಂತೆ ಗರಗರ. ಆರ್‌ಪಿಎಂ ಏರಿದರೆ ಸ್ವರವೂ ಏರುತ್ತದೆ.

ಪೆಡಲ್ ಬಿಟ್ಟಾಗ ಗೊರಗೊರ, ಪೂರ್ತಿ ಒತ್ತಿದರೆ ಮಾಯ. ಇದನ್ನು ಕಂಡ ಕೂಡಲೇ ‘ಇನ್‌ಪುಟ್ ಬೇರಿಂಗ್’ ಎಂದು ತೀರ್ಪು ಕೊಡುವುದು ವಾಡಿಕೆ. ಕೇಬಲ್ ಕ್ಲಚ್‌ನ ಕಾರಿನಲ್ಲಿ, ಪೆಡಲಿಗೆ ಸರಿಯಾದ ಫ್ರೀ ಪ್ಲೇ (ಗಟ್ಟಿ ಸಿಗುವ ಮೊದಲಿನ ಸಡಿಲ) ಇದ್ದರೆ, ಬಹುಮಟ್ಟಿಗೆ ಅದು ನಿಜವೂ ಹೌದು. ಏಕೆಂದರೆ ಕಾಲು ತೆಗೆದಾಗ ರಿಲೀಸ್ ಬೇರಿಂಗ್ ಬೆರಳುಗಳಿಂದ ದೂರ ಸರಿದು ಸುಮ್ಮನೆ ನಿಂತಿರುತ್ತದೆ. ಆದರೆ ಹೈಡ್ರಾಲಿಕ್ ಕ್ಲಚ್ ಇರುವ ಬಹಳಷ್ಟು ಕಾರುಗಳಲ್ಲಿ ರಿಲೀಸ್ ಬೇರಿಂಗ್ ಯಾವಾಗಲೂ ಬೆರಳುಗಳಿಗೆ ಒರಗಿಯೇ ಇರುತ್ತದೆ, ಹಗುರವಾದ ಸ್ಪ್ರಿಂಗ್ ಒತ್ತಡದಲ್ಲಿ ಯಾವಾಗಲೂ ತಿರುಗುತ್ತಿರುತ್ತದೆ. ಗ್ರೀಸ್ ಕಳೆದುಕೊಂಡ ಬೇರಿಂಗು ಈ ಹಗುರ ಒತ್ತಡದಲ್ಲಿ ಗುಂಡು ಜಾರಿಕೊಂಡು ಗಲಗಲ ಎನ್ನುತ್ತದೆ, ಭಾರ ಬಿದ್ದರೆ ಗಪ್ಪಾಗುತ್ತದೆ. ಸಡಿಲವಾದ ಫೋರ್ಕೂ ಹಾಗೇ ಅಲುಗಿ ಸದ್ದು ಮಾಡಿ, ಪೆಡಲ್ ಮುಟ್ಟಿದರೆ ನಿಲ್ಲುತ್ತದೆ. ಅಂದರೆ ಒತ್ತಿದರೆ ಹೋಗುವ ಸದ್ದು ಮೂರು ಬೇರೆ ಬೇರೆ ಕಡೆಯಿಂದ ಬರಬಹುದು.

ಇವನ್ನು ಬೇರ್ಪಡಿಸಲು ಸದ್ದು ಪೆಡಲ್‌ನ ಯಾವ ಜಾಗದಲ್ಲಿ ಹೋಯಿತು ಎಂದು ಮೊದಲು ನೋಡಿ. ಕ್ಲಚ್ ಇನ್ನೂ ಬಿಟ್ಟೇ ಇಲ್ಲ, ಹಗುರವಾಗಿ ಪಾದ ಇಟ್ಟ ಮಾತ್ರಕ್ಕೆ ನಿಂತಿತು ಎಂದರೆ ಇನ್‌ಪುಟ್ ಶಾಫ್ಟ್ ಆಗಿರಲು ಸಾಧ್ಯವಿಲ್ಲ, ಅದು ಇನ್ನೂ ಇಂಜಿನ್ ವೇಗದಲ್ಲೇ ತಿರುಗುತ್ತಿದೆ. ಅದು ರಿಲೀಸ್ ಬೇರಿಂಗ್ ಅಥವಾ ಫೋರ್ಕ್. ಪೆಡಲ್ ಅರ್ಧ ದಾಟಿ ಕ್ಲಚ್ ಬಿಟ್ಟ ಮೇಲೆ ಮಾತ್ರ ಹೋದರೆ ಇನ್‌ಪುಟ್ ಕಡೆ ಅನುಮಾನ ಹೆಚ್ಚು.

ಸದ್ದು ಹೇಗೆ ಹೋಯಿತು ಎಂಬುದು ಇನ್ನೂ ಗಟ್ಟಿಯಾದ ಗುರುತು. ರಿಲೀಸ್ ಬೇರಿಂಗಿನ ಸದ್ದು ಸ್ವಿಚ್ ಆರಿಸಿದಂತೆ ಥಟ್ಟನೆ ನಿಲ್ಲುತ್ತದೆ. ಇನ್‌ಪುಟ್ ಶಾಫ್ಟ್ ಕ್ಲಚ್ ಬಿಟ್ಟ ಮೇಲೂ ತನ್ನ ರಭಸಕ್ಕೆ ಒಂದೆರಡು ಸೆಕೆಂಡು ಸುತ್ತುತ್ತದೆ, ಆದ್ದರಿಂದ ಅದರ ಸದ್ದು ಕರೆಂಟ್ ಹೋದಾಗಿನ ಗಿರಣಿಯಂತೆ ಗುಂಯ್ ಎಂದು ಸ್ವರ ಇಳಿಸುತ್ತ ಇಳಿಸುತ್ತ ಸಾಯುತ್ತದೆ. ಪೆಡಲ್ ಒತ್ತಿಯೇ ಇದ್ದು, ಇನ್ನೂ ಇಳಿಯುತ್ತಿರುವಾಗಲೇ ಬ್ರೇಕ್ ಒತ್ತಿ ಹಿಡಿದು ಒಂದನೇ ಗೇರ್‌ಗೆ ಹಾಕಿ ನೋಡಿ. ಗೇರ್ ಬಿದ್ದ ಕ್ಷಣವೇ ಶಾಫ್ಟ್ ಬಲವಂತವಾಗಿ ನಿಲ್ಲುತ್ತದೆ. ಸದ್ದೂ ಅದೇ ಕ್ಷಣ ಕತ್ತರಿಸಿದಂತೆ ನಿಂತರೆ ಇನ್‌ಪುಟ್ ಬೇರಿಂಗ್ ಎಂದು ಬರೆದುಕೊಳ್ಳಿ.

ಪೈಲಟ್‌ನದು ಇದರ ತಿರುಗುಮುರುಗು. ನ್ಯೂಟ್ರಲ್‌ನಲ್ಲಿ ಪೆಡಲ್ ಪೂರ್ತಿ ಒತ್ತಿದಾಗ ಮೊದಲು ಸುಮ್ಮನಿದ್ದು, ಶಾಫ್ಟ್ ನಿಧಾನವಾದಂತೆಲ್ಲ ಸದ್ದು ಏರುತ್ತದೆ. ಇಂಜಿನ್ನಿಗೂ ಶಾಫ್ಟಿಗೂ ವೇಗದ ಅಂತರ ಹೆಚ್ಚಾಗುತ್ತಿದೆಯಲ್ಲ, ಅದಕ್ಕೆ. ಒಂದನೇ ಗೇರ್‌ಗೆ ಹಾಕಿದ ಕೂಡಲೇ ಶಾಫ್ಟ್ ಪೂರ್ತಿ ನಿಂತು ಸದ್ದು ತಾರಕಕ್ಕೆ ಹೋಗುತ್ತದೆ. ರಿಲೀಸ್ ಬೇರಿಂಗಿಗೆ ಗೇರ್ ಹಾಕಿದ್ದೂ ತೆಗೆದಿದ್ದೂ ಗೊತ್ತಾಗುವುದಿಲ್ಲ, ಅದರ ಸದ್ದಿನಲ್ಲಿ ವ್ಯತ್ಯಾಸ ಬರುವುದಿಲ್ಲ. ಬೊಲೆರೊ ಥರದ ಗಾಡಿಯಲ್ಲಿ ಈ ಒಂದು ಹೋಲಿಕೆ ಸಾಕು.

ಗಾಡಿ ಓಡುವಾಗ ಮಾತ್ರ ಬರುವ ಗುಂಯ್ ಸದ್ದು, ಪೆಡಲ್ ಒತ್ತಿ ನ್ಯೂಟ್ರಲ್ ಮಾಡಿದರೂ ರಸ್ತೆಯ ವೇಗಕ್ಕೆ ತಕ್ಕಂತೆ ಹಾಗೇ ಮುಂದುವರಿದರೆ, ಈ ಮೂರೂ ಅಲ್ಲ. ಅದು ವೀಲ್ ಬೇರಿಂಗ್, ಡಿಫರೆನ್ಷಿಯಲ್ ಅಥವಾ ಟೈರ್. ಖಾಲಿ ರಸ್ತೆಯಲ್ಲಿ 50ರ ವೇಗದಲ್ಲಿ ನಿಧಾನ ಎಡಕ್ಕೂ ಬಲಕ್ಕೂ ವಾಲಿಸಿದಾಗ ಸದ್ದು ಹೆಚ್ಚು ಕಡಿಮೆ ಆದರೆ ವೀಲ್ ಬೇರಿಂಗ್ ಕಡೆ ಹೋಗಿ. ಹಿಂಚಕ್ರದ ಗಾಡಿಗಳಲ್ಲಿ ಇನ್ನೊಂದು ಸುಳಿವಿದೆ. ಸಾಮಾನ್ಯವಾಗಿ 4ನೇ ಗೇರ್ ನೇರ ಗೇರ್, ಶಕ್ತಿ ಕೆಳಗಿನ ಕೌಂಟರ್ ಶಾಫ್ಟಿಗೆ ಇಳಿಯದೆ ಸೀದಾ ಹಾದುಹೋಗುತ್ತದೆ. ಬೇರೆ ಗೇರುಗಳಲ್ಲಿ ಜೋರಿದ್ದ ಸದ್ದು 4ರಲ್ಲಿ ತಗ್ಗಿದರೆ ಕೌಂಟರ್ ಶಾಫ್ಟಿನ ಬೇರಿಂಗ್ ನೋಡಬೇಕು.

ವೇಷ ಹಾಕುವ ಸದ್ದುಗಳು

ಆಲ್ಟರ್ನೇಟರ್, ಬೆಲ್ಟ್ ಟೆನ್ಷನರ್, ವಾಟರ್ ಪಂಪ್ ಇವುಗಳ ಬೇರಿಂಗು ಕೆಟ್ಟರೂ ಅದೇ ಗೊರಗೊರ. ಒಂದೇ ವ್ಯತ್ಯಾಸ, ಪೆಡಲ್ ಒತ್ತಿದರೂ ಬಿಟ್ಟರೂ ಅವು ಕ್ಯಾರೇ ಅನ್ನುವುದಿಲ್ಲ. ಪೆಡಲ್ ಒತ್ತಿದಾಗ ಐಡ್ಲಿಂಗ್ ಆರ್‌ಪಿಎಂ ತುಸು ಬದಲಾಗಿ ಸದ್ದೂ ಬದಲಾದಂತೆ ಅನ್ನಿಸಬಹುದು. ಸಂಶಯವಿದ್ದರೆ ಫ್ಯಾನ್ ಬೆಲ್ಟ್ ಕಳಚಿ ಒಂದೇ ಒಂದು ನಿಮಿಷ ಓಡಿಸಿ. ಅದೇ ಬೆಲ್ಟಿನಲ್ಲಿ ವಾಟರ್ ಪಂಪ್ ಇದ್ದರೆ ಒಂದು ನಿಮಿಷ ಅಂದರೆ ಒಂದೇ ನಿಮಿಷ. ಟೈಮಿಂಗ್ ಬೆಲ್ಟಿಗೆ ಕೈ ಹಾಕಬೇಡಿ.

ಉದ್ದನೆಯ ಸ್ಕ್ರೂಡ್ರೈವರ್‌ನ ತುದಿ ಲೋಹಕ್ಕೆ, ಹಿಡಿ ಕಿವಿಗೆ, ಇದು ಹಳೆಯ ಉಪಾಯವಾದರೂ ಕೆಲಸ ಮಾಡುತ್ತದೆ. ಇಂಜಿನ್ ಮತ್ತು ಗೇರ್‌ಬಾಕ್ಸ್ ಸೇರುವ ಜಾಗ, ಗೇರ್‌ಬಾಕ್ಸಿನ ದೂರದ ತುದಿ, ಆಲ್ಟರ್ನೇಟರ್ ಮೈ, ಈ ಮೂರು ಕಡೆ ಇಟ್ಟು ಹೋಲಿಸಿ. ಬೆಲ್ಟಿನಿಂದ ತೋಳು, ದುಪಟ್ಟಾ, ಕೂದಲು ದೂರ.

ಐಡ್ಲಿಂಗ್‌ನಲ್ಲಿ ಖಟಖಟ, ಡಬ್ಬಿಯಲ್ಲಿ ಕಲ್ಲು ಅಲ್ಲಾಡಿಸಿದಂತೆ, ಕ್ಲಚ್ ಒತ್ತಿದರೆ ನಿಲ್ಲುವುದು, ಮೂರು ಸಿಲಿಂಡರ್ ಇಂಜಿನ್‌ಗಳಲ್ಲಿ ಮತ್ತು ಡೀಸೆಲ್‌ಗಳಲ್ಲಿ ಬಹಳ. ಇದು ಗೇರ್ ಹಲ್ಲುಗಳು ಒಂದಕ್ಕೊಂದು ತಾಗುವ ಸದ್ದು. ಇಂಜಿನ್ ಸಮವಾಗಿ ತಿರುಗದೆ ತುಂಡು ತುಂಡಾಗಿ ತಳ್ಳುವುದರಿಂದ ಬರುತ್ತದೆ, ಕ್ಲಚ್ ಪ್ಲೇಟಿನ ಸ್ಪ್ರಿಂಗ್ ಸಡಿಲವಾದರೆ ಹೆಚ್ಚುತ್ತದೆ. ಆಕ್ಸಿಲರೇಟರ್ ಸ್ವಲ್ಪ ಕೊಟ್ಟು 1200ಕ್ಕೆ ಏರಿಸಿ: ಖಟಖಟ ಕರಗಿಹೋದರೆ ಇದು. ಬೇರಿಂಗ್ ಆಗಿದ್ದರೆ ಆರ್‌ಪಿಎಂ ಏರಿದಾಗ ಸದ್ದು ಕರಗುವುದಿಲ್ಲ, ಸ್ವರ ಏರುತ್ತದೆ. ಡ್ಯುಯಲ್ ಮಾಸ್ ಫ್ಲೈವೀಲ್ (ಎರಡು ತುಂಡಾಗಿ, ನಡುವೆ ಸ್ಪ್ರಿಂಗ್ ಇರುವುದು) ಇರುವ ಡೀಸೆಲ್ ಗಾಡಿಯಲ್ಲಿ ಕೀ ಆಫ್ ಮಾಡುವಾಗ ಕೊನೆಗೆ ಖಡಲ್ ಎಂದು ಒದ್ದರೆ ಅನುಮಾನ ಫ್ಲೈವೀಲ್ ಮೇಲೆ.

ಇನ್ನೊಂದು ಅಪರೂಪದ್ದು, ಆದರೆ ತಪ್ಪಿಸಿಕೊಂಡರೆ ದುಬಾರಿ. ಪೆಡಲ್ ಒತ್ತಿದಾಗ ಬೇರಿಂಗಿನ ಭಾರವೆಲ್ಲ ಕೊನೆಗೆ ಹೋಗಿ ಬೀಳುವುದು ಕ್ರ್ಯಾಂಕ್ ಶಾಫ್ಟ್ ಹಿಂದೆ ಮುಂದೆ ಜಾರದಂತೆ ತಡೆಯುವ ಥ್ರಸ್ಟ್ ವಾಷರ್ ಮೇಲೆ. ಅದು ಸವೆದಿದ್ದರೆ ಒತ್ತಿದಾಗ ಇಂಜಿನ್ನಿನ ಒಳಗಿಂದ ದಡ್ ಎಂಬ ಮಂದ ಸದ್ದು ಬರುತ್ತದೆ. ಇಂಜಿನ್ ಆಫ್ ಮಾಡಿ, ಒಬ್ಬರು ಪೆಡಲ್ ಒತ್ತಿ ಬಿಡುತ್ತಿರಲಿ, ಇನ್ನೊಬ್ಬರು ಕ್ರ್ಯಾಂಕ್ ಪುಲ್ಲಿಯನ್ನು ಟಾರ್ಚ್ ಹಾಕಿ ನೋಡಲಿ. ಸಾಮಾನ್ಯವಾಗಿ ಇರಬೇಕಾದ ಆಟ ಒಂದು ಮಿ.ಮೀ.ನ ಹತ್ತರಲ್ಲಿ ಒಂದರಿಂದ ಮೂರು ಭಾಗ, ಅಂದರೆ 0.1ರಿಂದ 0.3. ಪುಲ್ಲಿ ಒಳಗೆ ಹೊರಗೆ ಹೋಗುವುದು ಬರಿಗಣ್ಣಿಗೇ ಕಂಡರೆ ಡಯಲ್ ಗೇಜ್ ತರಿಸಿ ಅಳೆಸಿ. ಕ್ಲಚ್ ಆಮೇಲೆ.

ಯಾಕೆ ಕೆಡುತ್ತದೆ

ರಿಲೀಸ್ ಬೇರಿಂಗು ಒಳಗೇ ಗ್ರೀಸ್ ತುಂಬಿ ಮುಚ್ಚಿ ಬರುವ ಸಾಮಾನು, ಮತ್ತೆ ತುಂಬುವ ದಾರಿಯಿಲ್ಲ. ಅದರ ಆಯುಸ್ಸು ಒತ್ತಿದ ಸಮಯದ ಲೆಕ್ಕ. ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಿ ಗೇರ್ ಹಾಕಿಕೊಂಡು ಕ್ಲಚ್ ಒತ್ತಿ ಎರಡು ನಿಮಿಷ ಕೂತರೆ 800 ಆರ್‌ಪಿಎಂ ಲೆಕ್ಕದಲ್ಲಿ 1600 ಸುತ್ತು, ಅದೂ ಪೂರ್ತಿ ಭಾರ ಹೊತ್ತು. ನ್ಯೂಟ್ರಲ್ ಮಾಡಿ ಕಾಲು ತೆಗೆದಿದ್ದರೆ ಈ ಭಾರ ತಪ್ಪುತ್ತಿತ್ತು. ಓಡಿಸುವಾಗ ಪಾದವನ್ನು ಪೆಡಲ್ ಮೇಲೇ ಒರಗಿಸುವ ಅಭ್ಯಾಸ ಇನ್ನೂ ಕೆಟ್ಟದ್ದು: ಹೆದ್ದಾರಿಯಲ್ಲಿ 3000 ಆರ್‌ಪಿಎಂನಲ್ಲಿ ಬೇರಿಂಗು ಸುಮ್ಮಸುಮ್ಮನೆ ತಿರುಗಿ ಕಾಯುತ್ತದೆ, ಗ್ರೀಸ್ ನೀರಾಗಿ ಹೊರಗೆ ಬರುತ್ತದೆ. ಶಿರಾಡಿ, ಚಾರ್ಮಾಡಿ ಏರಿನಲ್ಲಿ ಲಾರಿ ಸಾಲಿನ ಹಿಂದೆ ಹಾಫ್ ಕ್ಲಚ್‌ನಲ್ಲಿ ಗಾಡಿ ನಿಲ್ಲಿಸುವುದರಿಂದ ಪ್ಲೇಟು ಸುಡುವುದು ಎಲ್ಲರಿಗೂ ಗೊತ್ತು. ಆ ಬಿಸಿ ಪ್ರೆಷರ್ ಪ್ಲೇಟಿನಿಂದ ಬೇರಿಂಗಿಗೂ ಇಳಿಯುತ್ತದೆ.

ಕೇಬಲ್ ಕ್ಲಚ್‌ನಲ್ಲಿ ಸದ್ದಿಲ್ಲದೆ ನಡೆಯುವ ಇನ್ನೊಂದು ವಿಷಯವಿದೆ. ಪ್ಲೇಟ್ ಸವೆದಂತೆಲ್ಲ ಡಯಾಫ್ರಮ್ ಬೆರಳುಗಳು ಗೇರ್‌ಬಾಕ್ಸ್ ಕಡೆಗೆ ಸರಿಯುತ್ತವೆ, ಪೆಡಲಿನ ಫ್ರೀ ಪ್ಲೇ ತಾನಾಗಿ ಕಡಿಮೆಯಾಗುತ್ತ ಬರುತ್ತದೆ. ಅಡ್ಜಸ್ಟ್ ಮಾಡದೆ ಬಿಟ್ಟರೆ ಒಂದು ದಿನ ಬೇರಿಂಗ್ ಬೆರಳುಗಳಿಗೆ ಅಂಟಿಕೊಂಡು ದಿನವಿಡೀ ತಿರುಗಲು ಶುರು ಮಾಡುತ್ತದೆ, ಪ್ಲೇಟೂ ಜಾರತೊಡಗುತ್ತದೆ. ಹೆಚ್ಚಿನ ಕೇಬಲ್ ಕಾರುಗಳಲ್ಲಿ ಪೆಡಲ್ ಹತ್ತಿರ 10ರಿಂದ 25 ಮಿ.ಮೀ. ಆಟ ಇರಬೇಕು, ನಿಖರವಾದ ಅಳತೆ ನಿಮ್ಮ ಕಾರಿನ ಪುಸ್ತಕದಲ್ಲಿದೆ. ಸ್ಕೇಲ್ ಇಟ್ಟು ಕೈಯಿಂದ ಒತ್ತಿ ಅಳೆಯುವುದು ಎರಡು ನಿಮಿಷದ ಕೆಲಸ.

ಮಳೆಗಾಲದಲ್ಲಿ ಅಂಡರ್‌ಪಾಸ್ ನೀರಿಗೆ ಇಳಿಸಿದ ಗಾಡಿಯಲ್ಲಿ ಹೌಸಿಂಗ್ ಒಳಗೆ ಕೆಸರು ನೀರು ಹೋಗುತ್ತದೆ. ಕೆಳಗಿನ ತೂತಿನಿಂದ ನೀರು ಇಳಿದರೂ ಕೆಸರು ಸ್ಲೀವ್ ಮೇಲೆ ಒಣಗಿ ಕೂರುತ್ತದೆ, ತುಕ್ಕೂ ಹಿಡಿಯುತ್ತದೆ. ಕೆಲವು ದಿನ ನಿಲ್ಲಿಸಿ ಆಮೇಲೆ ಸ್ಟಾರ್ಟ್ ಮಾಡಿದಾಗ ಕಿರುಚುವುದು ಈ ತುಕ್ಕು. ಕರಾವಳಿಯ ಉಪ್ಪುಗಾಳಿಯಲ್ಲಿ ನಿಂತೇ ಇರುವ ಕಾರುಗಳಲ್ಲೂ ಇದೇ ಕಥೆ. ನಾಲ್ಕು ದಿನ ಓಡಿಸಿದರೆ ಕಡಿಮೆಯಾಗಬಹುದು, ಕಡಿಮೆಯಾಗದಿದ್ದರೆ ಇಳಿಸುವುದೇ.

ಇನ್‌ಪುಟ್ ಬೇರಿಂಗ್ ಕೆಡುವುದಕ್ಕೆ ಮುಖ್ಯ ಕಾರಣ ಆಯಿಲ್. ಆಕ್ಸಲ್ ಸೀಲಿನಿಂದ ಹನಿ ಹನಿ ಸೋರಿ ಮಟ್ಟ ಇಳಿದಿದ್ದು ಯಾರೂ ನೋಡಿರುವುದಿಲ್ಲ. ಸಣ್ಣ ಕಾರಿನ ಗೇರ್‌ಬಾಕ್ಸಿನಲ್ಲಿ ಇರುವುದೇ ಎರಡು, ಎರಡೂವರೆ ಲೀಟರ್. ಅನುಮಾನವಿದ್ದರೆ ಮೊದಲು ಡ್ರೈನ್ ಮಾಡಿ ನೋಡಿ, ಇದಕ್ಕೆ ಏನನ್ನೂ ಇಳಿಸಬೇಕಿಲ್ಲ. ಡ್ರೈನ್ ಪ್ಲಗ್ಗಿನ ಅಯಸ್ಕಾಂತದ ಮೇಲೆ ಬೂದು ಬಣ್ಣದ ನುಣುಪಾದ ಲೇಪ ಇದ್ದರೆ ಸಹಜ. ಬೆರಳಿಗೆ ಚುಚ್ಚುವ ಚೂರು, ಹೊಳೆಯುವ ಸಿಪ್ಪೆ ಸಿಕ್ಕರೆ ತೀರ್ಮಾನವಾದಂತೆ. ಆಯಿಲ್ ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ. ತುಂಬುವಾಗ ಪುಸ್ತಕದಲ್ಲಿ ಗೇರ್ ಆಯಿಲ್‌ನ ದರ್ಜೆ ಜಿಎಲ್-4 ಎಂದಿದ್ದರೆ ಜಿಎಲ್-4 ಹಾಕಿ. ಜಿಎಲ್-5 ಹೆಚ್ಚಿನ ನಂಬರ್ ಆದ್ದರಿಂದ ಹೆಚ್ಚು ಒಳ್ಳೆಯದು ಎಂಬ ಲೆಕ್ಕ ತಪ್ಪು, ಅದರ ಕೆಲವು ರಾಸಾಯನಿಕಗಳು ಗೇರ್ ಸಲೀಸಾಗಿ ಬೀಳುವಂತೆ ವೇಗ ಹೊಂದಿಸುವ ಹಿತ್ತಾಳೆಯ ಸಿಂಕ್ರೊ ಬಳೆಗಳಿಗೆ ಆಗಿಬರುವುದಿಲ್ಲ.

ತುರ್ತು ಯಾವುದಕ್ಕೆ? ರಿಲೀಸ್ ಬೇರಿಂಗಿನ ಸಣ್ಣ ಶೀಟಿ ವಾರಗಟ್ಟಲೆ ಹಾಗೇ ಇರಬಹುದು. ಆದರೆ ಕಚ್ಚಿಕೊಂಡರೆ ಡಯಾಫ್ರಮ್ ಬೆರಳುಗಳನ್ನು ಕತ್ತರಿಸಿ ಹಾಕುತ್ತದೆ, ಆಮೇಲೆ ಕ್ಲಚ್ ಬಿಡುವುದೇ ಇಲ್ಲ. ಘಾಟಿ ದಾರಿಯ ಪ್ರಯಾಣವಿದ್ದರೆ ಮುಂಚೆಯೇ ಮುಗಿಸಿಕೊಳ್ಳಿ. ಇನ್‌ಪುಟ್ ಬೇರಿಂಗ್ ಕಾಯುವ ಜಾತಿಯದಲ್ಲ. ಅದರ ಚೂರುಗಳು ಅದೇ ಆಯಿಲ್‌ನಲ್ಲಿ ಸುತ್ತಿ ಗೇರು, ಸಿಂಕ್ರೊ ಎಲ್ಲವನ್ನೂ ತಿನ್ನುತ್ತವೆ.

ಇಳಿಸಿದ ಮೇಲೆ

ರಿಲೀಸ್ ಬೇರಿಂಗ್ ಕೈಯಲ್ಲಿ ಹಿಡಿದು ತಿರುಗಿಸಿ. ಒಳ್ಳೆಯದು ಮೆತ್ತಗೆ, ಜಿಡ್ಡಿನ ತಡೆಯೊಂದಿಗೆ, ಸದ್ದಿಲ್ಲದೆ ತಿರುಗಿ ಬೇಗ ನಿಲ್ಲುತ್ತದೆ. ಬುಗುರಿಯಂತೆ ಬಹಳ ಹೊತ್ತು ಸರಾಗವಾಗಿ ತಿರುಗಿದರೆ ‘ಎಷ್ಟು ಫ್ರೀ ಇದೆ ನೋಡಿ’ ಎಂದು ಮೆಚ್ಚಿಕೊಳ್ಳುವವರುಂಟು. ಅದರಲ್ಲಿ ಗ್ರೀಸೇ ಉಳಿದಿಲ್ಲ, ಅದಕ್ಕೇ ಫ್ರೀ. ಬೇರಿಂಗನ್ನು ಪೆಟ್ರೋಲ್, ಸೀಮೆಎಣ್ಣೆ, ಡೀಸೆಲ್‌ನಲ್ಲಿ ಅದ್ದಿ ತೊಳೆಯಲು ಬಿಡಬೇಡಿ. ಉಳಿದಿದ್ದ ಗ್ರೀಸೂ ತೊಳೆದುಹೋಗುತ್ತದೆ, ತೊಳೆದ ಬೇರಿಂಗು ವಾಪಸು ಹಾಕಿದರೆ ಕೆಲವೇ ದಿನ.

ಇನ್‌ಪುಟ್ ಶಾಫ್ಟನ್ನು ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿ, ನ್ಯೂಟ್ರಲ್‌ನಲ್ಲಿ ತಿರುಗಿಸಿ. ಮುಂಚಕ್ರದ ಕಾರಿನಲ್ಲಿ ಕೈಗೆ ತಿಳಿಯುವಷ್ಟು ಆಟ ಇರಬಾರದು. ಪೈಲಟ್ ಇರುವ ಗಾಡಿಯಲ್ಲಿ ತುದಿಗೆ ಆಧಾರ ಇಲ್ಲದ್ದರಿಂದ ಸ್ವಲ್ಪ ಅಲುಗುವುದು ಸಹಜ, ಅದನ್ನು ಕಂಡು ಗೇರ್‌ಬಾಕ್ಸ್ ಬಿಚ್ಚಲು ಹೊರಡಬೇಡಿ. ತಿರುಗಿಸುವಾಗ ಕರಕರ ತಾಗಿದರೆ ಎರಡೂ ಬಗೆಯಲ್ಲಿ ಬೇರಿಂಗ್ ಹೋದಂತೆಯೇ.

ಬರೀ ರಿಲೀಸ್ ಬೇರಿಂಗ್ ಬದಲಿಸಿ ಉಳಿದದ್ದನ್ನು ಹಾಗೇ ಸೇರಿಸುವುದು ನನ್ನ ಲೆಕ್ಕದಲ್ಲಿ ಉಳಿತಾಯವಲ್ಲ. ಕೂಲಿಯೇ ದೊಡ್ಡದು, ಅದನ್ನು ಎರಡು ಸಲ ಕೊಡುವುದೇಕೆ? ಪ್ಲೇಟಿನ ರಿವೆಟ್ ತಲೆಗೂ ಮೇಲ್ಮೈಗೂ ಅರ್ಧ ಮಿ.ಮೀ.ಗಿಂತ ಕಡಿಮೆ ಉಳಿದಿದ್ದರೆ, ಅಥವಾ ಬೆರಳುಗಳ ತುದಿಯಲ್ಲಿ ಉಗುರಿಗೆ ಸಿಗುವ ಗುಳಿ ಬಿದ್ದಿದ್ದರೆ ಪೂರ್ತಿ ಸೆಟ್ ಹಾಕಿ. ಪ್ಲೇಟ್ ಇನ್ನೂ ದಪ್ಪಗಿದ್ದು ಬೆರಳು ನುಣುಪಾಗಿದ್ದರೆ ಮಾತ್ರ ಬೇರಿಂಗ್ ಒಂದೇ ಸಾಕು. ಸ್ಲೀವ್ ಮೇಲೆ ಗೀರು, ಫೋರ್ಕಿನ ತುದಿ ಮತ್ತು ಪಿವಟ್ ಗುಂಡಿನ ಸವೆತ, ಕ್ಲಿಪ್ಪು, ಕ್ರ್ಯಾಂಕ್ ಹಿಂದಿನ ಆಯಿಲ್ ಸೀಲು, ಇವನ್ನೂ ಆಗಲೇ ನೋಡಿಬಿಡಬೇಕು. ಸವೆದ ಫೋರ್ಕ್ ಹೊಸ ಬೇರಿಂಗನ್ನು ಓರೆಯಾಗಿ ದೂಡಿ ಬೇಗ ಕೊಲ್ಲುತ್ತದೆ.

ಹೈಡ್ರಾಲಿಕ್ ಒತ್ತಡದಿಂದ ಬೇರಿಂಗನ್ನು ದೂಡುವ ಸ್ಲೇವ್ ಸಿಲಿಂಡರ್ ಮತ್ತು ಆ ಬೇರಿಂಗ್ ಒಂದೇ ತುಂಡಾಗಿ ಹೌಸಿಂಗ್ ಒಳಗೇ ಕೂರುವ ಕಾರುಗಳೂ ಇವೆ, ಫೋರ್ಡ್‌ನ ಹಲವು ಮಾಡೆಲ್ ಹೀಗೆ. ಇವುಗಳಲ್ಲಿ ಹೌಸಿಂಗ್ ಕೆಳಗೆ ಬ್ರೇಕ್ ಆಯಿಲ್ ಒದ್ದೆ ಕಂಡರೆ ಒಳಗಿನ ಸೀಲ್ ಹೋಗಿದೆ ಎಂದರ್ಥ. ಹೊಸದನ್ನು ಕೈಯಲ್ಲಿ ಒತ್ತಿ ಆಡಿಸಬಾರದು, ಗೇರ್‌ಬಾಕ್ಸ್ ಕೂರುವ ಮೊದಲು ಪೆಡಲ್ ಒತ್ತಲೇಬಾರದು. ಒತ್ತಿದರೆ ಪಿಸ್ಟನ್ ಮಿತಿ ಮೀರಿ ಹೊರಬಂದು ಸೀಲ್ ಹರಿಯುತ್ತದೆ, ಹೊಚ್ಚ ಹೊಸ ಸಾಮಾನು ಕಸದ ಬುಟ್ಟಿಗೆ.

ಗ್ರೀಸ್ ಹಚ್ಚುವುದರಲ್ಲಿ ಧಾರಾಳತನ ಬೇಡ. ಶಾಫ್ಟಿನ ಹಲ್ಲುಗಳಿಗೆ ಹೆಚ್ಚು ಬಿಸಿ ತಡೆಯುವ ಗ್ರೀಸ್ ತೆಳುವಾಗಿ ಸವರಿ, ಪ್ಲೇಟನ್ನು ಒಮ್ಮೆ ತೂರಿಸಿ ತೆಗೆದು, ಹೊರಗೆ ಉಳಿದದ್ದನ್ನು ಬಟ್ಟೆಯಿಂದ ಒರೆಸಿಬಿಡಿ. ಹೆಚ್ಚಾದ ಗ್ರೀಸ್ ಸಿಡಿದು ಪ್ಲೇಟಿಗೆ ಬಿದ್ದರೆ ಕ್ಲಚ್ ನಡುಗುತ್ತದೆ. ಫೋರ್ಕ್ ತುದಿ ಮತ್ತು ಪಿವಟ್‌ಗೆ ಅಕ್ಕಿಕಾಳಿನಷ್ಟು ಸಾಕು. ಒಳಗೆ ಪ್ಲಾಸ್ಟಿಕ್ ಇರುವ ಬೇರಿಂಗನ್ನು ಸ್ಲೀವ್ ಮೇಲೆ ಒಣಗಿಯೇ ಹಾಕಬೇಕೋ ಗ್ರೀಸ್ ಬೇಕೋ ಎಂಬುದಕ್ಕೆ ಡಬ್ಬಿಯೊಳಗಿನ ಹಾಳೆ ಓದಿ. ಲುಕ್, ವ್ಯಾಲಿಯೊ, ಎಕ್ಸೆಡಿ ಯಾವ ಕಂಪನಿಯದೇ ಇರಲಿ, ಆ ಹಾಳೆಯನ್ನು ಮೊದಲು ಎಸೆದು ಆಮೇಲೆ ಕೆಲಸ ಶುರು ಮಾಡುವುದು ನಮ್ಮ ಕಡೆಯ ಪದ್ಧತಿ.

ಪ್ರೆಷರ್ ಪ್ಲೇಟಿನ ಬೋಲ್ಟುಗಳನ್ನು ಎದುರು ಬದುರಾಗಿ, ಒಂದೊಂದು ಸುತ್ತು ಮಾತ್ರ ಬಿಗಿಯುತ್ತ ಹೋಗಬೇಕು. ಸಣ್ಣ ಕಾರುಗಳಲ್ಲಿ ಕೊನೆಯ ಬಿಗಿ ಸಾಮಾನ್ಯವಾಗಿ 20ರಿಂದ 25 ನ್ಯೂಟನ್ ಮೀಟರ್. ಗೇರ್‌ಬಾಕ್ಸ್ ಸೇರಿಸುವಾಗ ಅದರ ಭಾರವನ್ನು ಇನ್‌ಪುಟ್ ಶಾಫ್ಟಿನ ಮೇಲೆ ಜೋತುಬಿಡಬಾರದು. ಜಾಕ್ ಕೊಟ್ಟು ನೇರವಾಗಿ ತೂರಿಸಬೇಕು, ಬೋಲ್ಟ್ ಬಿಗಿದು ಎಳೆದುಕೊಳ್ಳಬಾರದು. ಜೋತುಬಿದ್ದ ಭಾರಕ್ಕೆ ಪ್ಲೇಟಿನ ನಡುಭಾಗ ಬಾಗುತ್ತದೆ.

ಹೊಸ ಸೆಟ್ ಹಾಕಿದ ದಿನವೇ ಸದ್ದು ಬಂದರೆ ‘ಸೆಟ್ ಆಗಬೇಕು ಸಾರ್, 500 ಕಿಲೋಮೀಟರ್ ಓಡಿಸಿ’ ಎಂಬ ಮಾತಿಗೆ ತಲೆಯಾಡಿಸಬೇಡಿ. ಪ್ಲೇಟಿನ ಮೇಲ್ಮೈ ಒಗ್ಗಿಕೊಳ್ಳಲು ಸಮಯ ಬೇಕು, ಬೇರಿಂಗಿಗೆ ಬೇಡ. ಮೊದಲು ಪೆಡಲಿನ ಫ್ರೀ ಪ್ಲೇ ಅಳೆಯಿರಿ, ಕೇಬಲ್ ಬಿಗಿಯಾಗಿ ಉಳಿದಿರಬಹುದು. ಅದು ಸರಿಯಿದ್ದರೆ ಇಂಜಿನ್ ಮತ್ತು ಗೇರ್‌ಬಾಕ್ಸ್ ನಡುವೆ ಇರಬೇಕಾದ ಎರಡು ಟೊಳ್ಳು ಡೋವೆಲ್ ಪಿನ್‌ಗಳು ಇವೆಯೇ ಎಂದು ಕೇಳಿ. ಬಿಚ್ಚುವಾಗ ಕೆಳಗೆ ಉರುಳಿಹೋಗಿ, ಹುಡುಕದೆ ಸೇರಿಸಿದ್ದರೆ, ಎರಡು ಶಾಫ್ಟುಗಳ ನಡುಮಧ್ಯ ಕೂದಲೆಳೆಯಷ್ಟು ತಪ್ಪಿ ಬೇರಿಂಗು ಬೆರಳುಗಳ ಮೇಲೆ ಓರೆಯಾಗಿ ಸುತ್ತುತ್ತದೆ. ಅದೂ ಸರಿಯಿದ್ದರೆ ಬೇರಿಂಗ್ ಮತ್ತು ಪ್ರೆಷರ್ ಪ್ಲೇಟಿನ ಜೋಡಿ ನೋಡಬೇಕು: ತುದಿ ಬಾಗಿದ ಬೆರಳುಗಳಿಗೆ ಚಪ್ಪಟೆ ಮುಖದ ಬೇರಿಂಗ್, ಚಪ್ಪಟೆ ಬೆರಳುಗಳಿಗೆ ಉಬ್ಬು ಮುಖದ್ದು. ಒಂದು ಕಂಪನಿಯ ಪ್ರೆಷರ್ ಪ್ಲೇಟಿಗೆ ಇನ್ನೊಂದು ಕಂಪನಿಯ ಬಿಡಿ ಬೇರಿಂಗ್ ಹಾಕಿದಾಗ ಈ ಜೋಡಿ ತಪ್ಪುತ್ತದೆ. ಹೊರಗಿನಿಂದ ಕಾಣುವುದಿಲ್ಲ, ಮತ್ತೆ ಇಳಿಸಿಯೇ ನೋಡಬೇಕು. ಆದ್ದರಿಂದ ಹಳೆಯ ಬೇರಿಂಗನ್ನು ಬಿಲ್ ಕೊಡುವ ದಿನವೇ ಕೇಳಿ ಪಡೆದಿಟ್ಟುಕೊಳ್ಳಿ, ಮುಖಕ್ಕೆ ಮುಖ ಇಟ್ಟು ಹೋಲಿಸಲು ಬೇಕಾಗುತ್ತದೆ.